ಮುಚ್ಚಳದಕ್ಕನ ಕವಚ

ನನ್ನ ಷಡ್ಡಕ ಟ್ರಂಕು ಮಾಡುವವನು. ನಾನು ಬಡಗಿ. ಅವನ ಹೆಂಡತಿ ನನ್ನ ಹೆಂಡತಿಯ ತಂಗಿ, ನನಗೆ ನಾದಿನಿ. ಒಂದೇ ಮನೆಗೆ ಅಳಿಯಂದಿರಾಗಿ ಬಂದ ತಪ್ಪಿಗೆ, ಮರ ಹೆಚ್ಚೋ ತಗಡು ಹೆಚ್ಚೋ ಅಂತ ಮೂವತ್ತೈದು ವರ್ಷದಿಂದ ಕಿತ್ತಾಡಿಕೊಂಡು ಬಂದಿದ್ದೇವೆ. ನನಗೆ ಉಳಿ ಹಿಡಿಯುವುದನ್ನು ಯಾರೂ ಹೇಳಿಕೊಡಲಿಲ್ಲ, ಪೆನ್ನು ಹಿಡಿಯುವುದನ್ನೂ ಹೇಳಿಕೊಡಲಿಲ್ಲ. ಎರಡನ್ನೂ ಬೆರಳು ಕೊಯ್ದುಕೊಂಡು ಕಲಿತೆ. ಹಾಗೆ ಕಲಿತ ಪೆನ್ನಿನಲ್ಲಿ ಇವತ್ತು ತಗಡಿನವನ ಕಥೆ ಬರೆಯುತ್ತಿದ್ದೇನೆ. ಓದಿ ಅವನು ಹಿಗ್ಗಿ ಹೀರೇಕಾಯಿ ಆಗುತ್ತಾನೆ ಅಂತ ಗೊತ್ತು. ಆಗಲಿ, ಒಂದು ಸಲ.

ಅವನ ಮನೆಯ ಮುಂದಿನ ಕೋಣೆ ಕಾರ್ಖಾನೆ, ಹಿಂದಿನ ಎರಡು ಕೋಣೆ ಸಂಸಾರ. ಮುಂದಿನ ಕೋಣೆಯ ಗೋಡೆಗೆ ಕತ್ತರಿ, ಸುತ್ತಿಗೆ, ಬಣ್ಣದ ಡಬ್ಬಿ. ನೆಲದ ತುಂಬ ತಗಡಿನ ಚೂರು, ರಿವೆಟ್ಟು, ಚಿಲಕದ ಕೊಂಡಿ. ಆ ಮನೆಯಲ್ಲಿ ಕೈಯಿಂದ ಜಾರಿದ ವಸ್ತು ನೆಲ ನುಂಗಿದ ಹಾಗೆಯೇ ಲೆಕ್ಕ. ನಾದಿನಿಯ ಓದುವ ಕನ್ನಡಕ ಅಲ್ಲೇ ಹೋಯಿತು. ತಗಡು ಮಡಿಸುವಾಗ ಷಡ್ಡಕ ತೊಡುವ ಹಿತ್ತಾಳೆಯ ಬೆರಳ ಟೊಪ್ಪಿ ಹೋಯಿತು. ಗುರುತು ಹಾಕುವ ನನ್ನ ಕೆಂಪು ಪೆನ್ಸಿಲು, ಇಪ್ಪತ್ತು ವರ್ಷ ಕಿವಿಯ ಮೇಲೆ ಕೂತಿದ್ದದ್ದು, ಒಂದು ದಿನ ಚಹಾ ಕುಡಿದು ಏಳುವಷ್ಟರಲ್ಲಿ ಮಾಯ. ಅಲ್ಲಿ ಏನಾದರೂ ಸಿಕ್ಕಿದರೆ ಅದು ಷಡ್ಡಕನ ಸೊಸೆಯ ಕಣ್ಣಿಗೆ ಮಾತ್ರ.

ಸೊಸೆ ಬಂದು ಎರಡು ವರ್ಷ. ಕನ್ನಡಕದ ಅಂಗಡಿಯಲ್ಲಿ ಕೆಲಸ. ಸಾಸಿವೆ ಕಾಳಿನಷ್ಟು ಸಣ್ಣ ಸ್ಕ್ರೂ ಕೂರಿಸುವ ಹುಡುಗಿ. ಕಣ್ಣು ಚುರುಕು, ಬಾಯಿ ಮೆತ್ತಗೆ. ಗಂಡ ಸಾಮಾನಿನ ವ್ಯಾನು ಓಡಿಸುತ್ತಾನೆ, ವಾರದಲ್ಲಿ ನಾಲ್ಕು ದಿನ ಊರಲ್ಲಿರುವುದಿಲ್ಲ. ಅತ್ತೆ ಜೊತೆ ಅವಳದು ಹೇಗೋ ನಡೆಯುತ್ತಿತ್ತು. ಮಾವನ ಜೊತೆ ಮಾತ್ರ, "ಊಟ ಆಯ್ತಾ ಮಾವ?" "ಆಯ್ತಮ್ಮ." ಅಲ್ಲಿಗೆ ಮುಗಿಯಿತು. ನನ್ನ ಷಡ್ಡಕ ತಗಡಿಗೆ ಗಂಟೆಗಟ್ಟಲೆ ಬೈಯಬಲ್ಲ, ಮುದ್ದು ಮಾಡಬಲ್ಲ. ಮನುಷ್ಯರ ಮುಂದೆ ನಾಲಿಗೆ ಹೊರಳುವುದಿಲ್ಲ.

ಇಂಥ ಮನೆಯಲ್ಲಿ ನಡೆದ ಎಡವಟ್ಟು ಇದು.

ಟ್ರಂಕಿನ ಒಳಗೆ ಬರಿಯ ತಗಡು ಬಿಟ್ಟರೆ ಬಟ್ಟೆಗೆ ತುಕ್ಕು ಹತ್ತುತ್ತದೆ. ಅದಕ್ಕೇ ಹಳೆಯ ಕಾಗದಕ್ಕೆ ಹಿಟ್ಟಿನ ಅಂಟು ಬಳಿದು ಒಳಗೆಲ್ಲ ಅಂಟಿಸುವುದು. ಕಾಗದ ಸುರುಳಿ ಸುತ್ತಿಕೊಂಡಿದ್ದರೆ ಅಂಟು ಕೂರುವುದಿಲ್ಲ, ಹಾಗಾಗಿ ಅದನ್ನು ಎರಡು ದಿನ ಕಬ್ಬಿಣದ ದಿಮ್ಮಿಯ ಕೆಳಗೆ ಇಟ್ಟಿರುತ್ತಾನೆ. ದಿಮ್ಮಿಯ ಕೆಳಗೆ ಕಾಗದ ಕಂಡರೆ ಅದು ಟ್ರಂಕಿಗೆ. ಮೂವತ್ತೈದು ವರ್ಷದ ರೂಢಿ. ಕಣ್ಣು ಕೇಳುವುದಿಲ್ಲ, ಕೈ ಎತ್ತಿಕೊಳ್ಳುತ್ತದೆ.

ಸೊಸೆ ಚಿತ್ರ ಬರೆಯುತ್ತಿದ್ದಳು ಅನ್ನುವುದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹನ್ನೆರಡನೇ ವಯಸ್ಸಿನಿಂದ ಒಬ್ಬಳೇ ಒಬ್ಬ ನಾಯಕಿಯನ್ನು ಬರೆಯುತ್ತಾ ಬಂದಿದ್ದಳಂತೆ, ಮಕ್ಕಳ ಚಿತ್ರಕಥೆಯ ಸೂಪರ್‌ಹೀರೋಗಳ ಹಾಗೆ ಕವಚ ತೊಟ್ಟವಳು. ಊರಿನ ಗ್ರಂಥಾಲಯದವರು ಒಂದು ಸ್ಪರ್ಧೆ ಇಟ್ಟಿದ್ದರು: ಯಾರದೋ ನಕಲಲ್ಲ, ನೀವೇ ಹುಟ್ಟಿಸಿದ ವೀರ, ಅವನ ಚಿತ್ರ ತನ್ನಿ, ಮನೆಯಲ್ಲೇ ಅವನ ವೇಷ ಮಾಡಿ ತೊಟ್ಟು ಬನ್ನಿ. ವೇಷದ ಗೊಡವೆ ತನ್ನಿಂದಾಗದು, ಚಿತ್ರವನ್ನಾದರೂ ತೋರಿಸೋಣ ಅಂತ ಸೊಸೆ ಆಸೆಪಟ್ಟು ಹನ್ನೊಂದು ಹಾಳೆ ತೆಗೆದಳು. ನೀರಿನ ಬಣ್ಣಕ್ಕೆ ಹಾಳೆಗಳು ಮುದುರಿದ್ದವು. ಟ್ರಂಕಿನವರ ಮನೆಗೆ ಬಂದ ಮೇಲೆ ಅಷ್ಟು ವಿದ್ಯೆ ಬರದೆ ಇರುತ್ತದೆಯೇ? ತಂದು ದಿಮ್ಮಿಯ ಕೆಳಗಿಟ್ಟು ಕೆಲಸಕ್ಕೆ ಹೋದಳು.

ಸಂಜೆ ಬಂದು ನೋಡಿದರೆ ದಿಮ್ಮಿ ಇದೆ, ಹಾಳೆ ಇಲ್ಲ.

"ಮಾವ, ಇಲ್ಲಿದ್ದ ಕಾಗದ?"

"ಅಂಟಿಸಿಬಿಟ್ಟೆನಮ್ಮ. ಒಳ್ಳೇ ಗಟ್ಟಿ ಕಾಗದ, ಎಲ್ಲಿಂದ ತಂದಿದ್ದೆ? ಮುಚ್ಚಳಕ್ಕೆ ಸರಿಯಾಗಿ ಕೂತ್ಕೊಳ್ತು. ಮಧ್ಯಾಹ್ನವೇ ಟ್ರಂಕು ಹೊರಟುಹೋಯ್ತು."

ಅವಳು ಅಳಲಿಲ್ಲ, ಕೂಗಾಡಲಿಲ್ಲ. "ಹೋಗ್ಲಿ ಬಿಡಿ ಮಾವ" ಅಂದು ಒಳಗೆ ಹೋದಳು. ಅತ್ತೆ ವಿಚಾರಿಸಿದ ಮೇಲೆ ವಿಷಯ ಹೊರಬಿತ್ತು. ಬಣ್ಣ, ಪೆನ್ಸಿಲು, ಕುಂಚ ಎಲ್ಲವೂ ಒಂದು ಬಿಸ್ಕತ್ತಿನ ಡಬ್ಬಿಗೆ ಸೇರಿ ಅಟ್ಟ ಹತ್ತಿದವು. ಸ್ಪರ್ಧೆಯ ಅರ್ಜಿ ಕಸದ ಬುಟ್ಟಿಗೆ ಬಿತ್ತು. ನಾದಿನಿ ಅದನ್ನು ಎತ್ತಿ, ಒರೆಸಿ, ಅಕ್ಕಿ ಡಬ್ಬಿಯ ಕೆಳಗೆ ಇಟ್ಟಳು.

ಮರುದಿನ ಬೆಳಿಗ್ಗೆ ಷಡ್ಡಕ ನನ್ನ ಅಂಗಡಿಗೆ ಬಂದ. ಮುಖ ನೆನೆದ ಕಾಗದದ ಹಾಗೆ ಜೋತುಬಿದ್ದಿತ್ತು.

"ಅಣ್ಣಾ, ಆ ಹುಡುಗಿ ಬೈದುಬಿಟ್ಟಿದ್ದಿದ್ರೆ ಚೆನ್ನಾಗಿತ್ತು. ಹೋಗ್ಲಿ ಬಿಡಿ ಅಂದ್ಲು. ಇನ್ನು ಪೆನ್ಸಿಲ್ ಮುಟ್ಟಲ್ವಂತೆ."

"ಕ್ಷಮಿಸು ಅಂತ ಹೇಳು. ನಾಲಿಗೆ ಸವೆಯುತ್ತಾ?"

"ನಂಗೆ ಬಾಯಲ್ಲಿ ಬರಲ್ಲಣ್ಣ. ಕೈಲಿ ಏನಾದ್ರೂ ಮಾಡ್ಬೇಕು. ಅವಳು ಮತ್ತೆ ಬರೆಯೋ ಹಾಗೆ."

ಮೊದಲು ಆ ಟ್ರಂಕು ಹುಡುಕಬೇಕು. ಆ ವಾರ ಎಂಟು ಟ್ರಂಕು ಒಂದೇ ಕಡೆಗೆ ಹೋಗಿದ್ದವು, ನರ್ಸಿಂಗ್ ಓದುವ ಹುಡುಗಿಯರ ಹಾಸ್ಟೆಲಿಗೆ. ಕೈಯಲ್ಲಿದ್ದ ಕೆಲಸ ಮುಗಿಸಿ ಮೂರು ದಿನದ ಮೇಲೆ ಅಲ್ಲಿಗೆ ಹೋದೆವು. ಇಬ್ಬರು ಮುದುಕರು ಅಳತೆ ಪಟ್ಟಿ ಹಿಡಿದು ಹುಡುಗಿಯರ ಹಾಸ್ಟೆಲಿನ ಬಾಗಿಲಲ್ಲಿ ನಿಂತರೆ ಯಾರು ಒಳಗೆ ಬಿಡುತ್ತಾರೆ? ಮೇಲ್ವಿಚಾರಕಿ ಸೊಂಟಕ್ಕೆ ಕೈಯಿಟ್ಟು ನಿಂತರು.

"ಏನಾಗ್ಬೇಕಿತ್ತು?"

"ಟ್ರಂಕಿನ ಒಳಗೆ ನೋಡ್ಬೇಕಿತ್ತು" ಅಂದ ನನ್ನ ಷಡ್ಡಕ.

ಆಕೆಯ ಹುಬ್ಬು ಹಣೆ ದಾಟಿ ಕೂದಲಿಗೆ ಹೋಯಿತು. ನಾನು ಮಧ್ಯೆ ಬಾಯಿ ಹಾಕಿ ಮೊದಲಿಂದ ಕೊನೆಯವರೆಗೆ ವಿವರಿಸದಿದ್ದರೆ ಆ ದಿನ ನಾವು ಮನೆ ಸೇರುತ್ತಿದ್ದೆವೋ ಇಲ್ಲವೋ. ಅಷ್ಟರಲ್ಲಿ ಮೆಟ್ಟಿಲ ಮೇಲಿದ್ದ ಒಬ್ಬಳು ಕೂಗಿದಳು: "ಲೇ, ಮುಚ್ಚಳದಕ್ಕನ್ನ ಹುಡ್ಕೊಂಡು ಬಂದಿದ್ದಾರೆ ಕಣ್ರೇ!"

ಮುಚ್ಚಳದಕ್ಕ! ಹುಡುಗಿಯರು ಆಗಲೇ ಹೆಸರಿಟ್ಟಾಗಿತ್ತು. ಆ ಟ್ರಂಕಿನ ಯಜಮಾನಿ ಒಬ್ಬ ಗುಂಗುರು ಕೂದಲಿನ ಹುಡುಗಿ. ಬೆಳಿಗ್ಗೆ ಬಟ್ಟೆ ತೆಗೆಯುವಾಗ ಇಡೀ ಮಹಡಿಯೇ ಅವಳ ಕೋಣೆಗೆ ಬಂದು ಮುಚ್ಚಳ ನೋಡುತ್ತದಂತೆ. ನೀಲಿ ಕವಚ ತೊಟ್ಟ ಹೆಂಗಸು. ಒಂದರಲ್ಲಿ ಮನೆಯ ಮಾಡು ಹತ್ತುತ್ತಿದ್ದಾಳೆ, ಒಂದರಲ್ಲಿ ಬಸ್ಸಿನ ಅಡಿಗೆ ಬಗ್ಗಿ ನೋಡುತ್ತಿದ್ದಾಳೆ, ಇನ್ನೊಂದರಲ್ಲಿ ಚರಂಡಿಗೆ ಕೈ ಹಾಕಿದ್ದಾಳೆ. ಎಲ್ಲದರಲ್ಲೂ ಎದೆಯ ಮೇಲೆ ಅಂಗೈಯಗಲದ ಒಂದು ಪುಟ್ಟ ಬಾಗಿಲು. ಮುಚ್ಚಿದ ಬಾಗಿಲು.

"ಅದರೊಳಗೆ ಏನಿದೆ ತಾತಾ?" ಗುಂಗುರು ಕೂದಲಿನವಳು ಕೇಳಿದಳು. "ಹಕ್ಕಿ ಅಂತ ಇವಳು. ದೀಪ ಅಂತ ಅವಳು. ನಾನು ತಿಂಡಿ ಅಂತೀನಿ."

ಷಡ್ಡಕ ತಲೆ ಕೆರೆದುಕೊಂಡ. ಅಂಟಿಸಿದವನಿಗೆ ಲೆಕ್ಕ ಗೊತ್ತು: ಹನ್ನೊಂದು ಹಾಳೆ. ಮುಚ್ಚಳದಲ್ಲಿ ಹತ್ತು ಚಿತ್ರ, ಒಂದು ಬಿಳಿ. ಹನ್ನೊಂದನೆಯದರ ಬಣ್ಣ ಹಸಿಯಿದ್ದು ಕೈಗೆ ಮೆತ್ತುತ್ತಿತ್ತು ಅಂತ ಅದನ್ನು ಮಗುಚಿ, ಚಿತ್ರವನ್ನೇ ತಗಡಿಗೆ ಒತ್ತಿ ಅಂಟಿಸಿದ್ದ. ಬಾಗಿಲು ತೆರೆದದ್ದು ಅದರಲ್ಲೇ ಇರಬೇಕು. ಅವನ ಅಂಟು ಅಂದರೆ ಅಂಟು; ಕಿತ್ತರೆ ಕಾಗದ ಬರುವುದಿಲ್ಲ, ಪುಡಿ ಬರುತ್ತದೆ.

"ಈ ಟ್ರಂಕು ಕೊಟ್ಟುಬಿಡಮ್ಮ, ಇದಕ್ಕಿಂತ ದೊಡ್ಡದು ಮಾಡಿಕೊಡ್ತೀನಿ."

"ಅಯ್ಯೋ, ಎರಡು ಮಾಡಿಕೊಟ್ರೂ ಇಲ್ಲ ತಾತ."

ಹಾಗಾಗಿ ನನ್ನ ಷಡ್ಡಕ ಅಲ್ಲೇ ಮಂಡಿಯೂರಿ, ತಲೆಯನ್ನು ಟ್ರಂಕಿಗೆ ತೂರಿಸಿ, ಮುಚ್ಚಳದ ಚಿತ್ರಗಳನ್ನು ಗೇಣು ಬೆರಳಲ್ಲಿ ಅಳೆಯತೊಡಗಿದ. "ಭುಜ, ತಲೆಯ ಒಂದೂಕಾಲು ಪಟ್ಟು. ಬರಕೋ ಅಣ್ಣ. ಮೊಣಕೈ ಮೇಲೆ ಮೂರು ಪಟ್ಟಿ." ಮಾತು ತಗಡಿನೊಳಗಿಂದ ಬಾವಿಯೊಳಗಿನ ದನಿಯ ಹಾಗೆ ಕೇಳುತ್ತಿತ್ತು. ಸುತ್ತ ನಿಂತ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವನು ಕವಚ ಮಾಡುವ ನಿರ್ಧಾರಕ್ಕೆ ಬಂದದ್ದು ಆ ಟ್ರಂಕಿನೊಳಗೇ ಇರಬೇಕು; ಹೊರಗೆ ಬಂದವನ ಕಣ್ಣು ಬೇರೆ ಥರ ಇತ್ತು.

ಸ್ಪರ್ಧೆಗೆ ಮೂರು ವಾರ. ಸೊಸೆ ಕೆಲಸಕ್ಕೆ ಹೋದ ಮೇಲೆ ಕೆಲಸ ಶುರು, ಅವಳು ಬರುವ ಮೊದಲು ಎಲ್ಲವನ್ನೂ ಗೋಣಿತಾಟಿನ ಕೆಳಗೆ ಮುಚ್ಚಿಡುವುದು. ನಾದಿನಿ ಅಕ್ಕಿ ಡಬ್ಬಿಯ ಕೆಳಗಿನ ಅರ್ಜಿ ತೆಗೆದು, ಸೊಸೆಯ ಹೆಸರು ತುಂಬಿ, ತಾನೇ ಗ್ರಂಥಾಲಯಕ್ಕೆ ಹೋಗಿ ಕೊಟ್ಟು ಬಂದಳು. ಮೈ ಅಳತೆ ಕೇಳಿದರೆ ಗುಟ್ಟು ರಟ್ಟು. ಅದಕ್ಕೇ ಸೊಸೆಯ ಅಂಗಡಿಯ ಬಿಳಿ ಕೋಟನ್ನು ಒಣಗಿಸುವ ತಂತಿಯಿಂದ ಎಗರಿಸಿ ತಂದಳು. ಆ ಕೋಟಿನ ಅಳತೆಗೆ ನಾನು ಮರದಲ್ಲಿ ಒಂದು ಮುಂಡ ಕೆತ್ತಿಕೊಟ್ಟೆ. ಕತ್ತು, ಭುಜ, ಬೆನ್ನಿನ ಬಾಗು, ಒಂದು ಕೂದಲೆಳೆ ಆಚೀಚೆ ಇಲ್ಲ. ಮರ ಇಲ್ಲದೆ ತಗಡು ನಿಂತೀತೇ?

ಆದರೂ ಹೇಳಬೇಕಾದದ್ದು ಹೇಳಬೇಕು: ತಗಡಿನಲ್ಲಿ ಅವನ ಕೈ ನೋಡುವಂಥದ್ದು. ಪೆಟ್ಟಿಗೆ ಮಾಡುವವನಿಗೆ ನೇರ ಗೆರೆ ಗೊತ್ತು, ಮೈಯಲ್ಲಿ ನೇರ ಗೆರೆ ಒಂದೂ ಇಲ್ಲ. ಮೊದಲ ಎದೆಕವಚ ಎರಡು ಕಾಲು ಬಂದ ಟ್ರಂಕಿನ ಹಾಗೇ ಇತ್ತು. "ಹಿಡಿ ಒಂದು ಇಟ್ಬಿಡು, ಎತ್ಕೊಂಡು ಹೋಗ್ಬಹುದು" ಅಂದೆ. ಸುತ್ತಿಗೆ ಎತ್ತಿದ, ನನಗಲ್ಲ ಪುಣ್ಯಕ್ಕೆ, ತಗಡಿಗೆ. ಮರದ ಮುಂಡದ ಮೇಲೆ ತಗಡು ಹಾಸಿ, ನಡುವಿನಿಂದ ಹೊರಕ್ಕೆ ಸಣ್ಣ ಸಣ್ಣ ಪೆಟ್ಟು ಕೊಡುತ್ತಾ ಮೂರು ದಿನ ಬಡಿದ. ನಾಲ್ಕನೆಯ ದಿನ ತಗಡು ಒದ್ದೆ ಬಟ್ಟೆಯ ಹಾಗೆ ಮುಂಡಕ್ಕೆ ಅಂಟಿಕೊಂಡಿತು. ಅಂಚುಗಳನ್ನೆಲ್ಲ ಒಳಕ್ಕೆ ಮಡಿಸಿ ತಟ್ಟಿದ. ಎಲ್ಲಿ ಬೆರಳಾಡಿಸಿದರೂ ಗೀರುವುದಿಲ್ಲ. ಭುಜಕ್ಕೆ ಒಂದರ ಮೇಲೊಂದು ಜಾರುವ ಐದು ಪಟ್ಟಿ. ಒಳಗೆ ಹಳೇ ಕಂಬಳಿಯ ಮೆತ್ತೆ. ಎದೆಯ ಪುಟ್ಟ ಬಾಗಿಲಿಗೆ ಕಿವಿಯೋಲೆಯಷ್ಟು ಸಣ್ಣ ತಿರುಗಣಿ, ತೆರೆದರೆ ಕಿಂ ಅನ್ನಬಾರದು ಅಂತ ಎಂಟು ಸಲ ಬಿಚ್ಚಿ ಕೂರಿಸಿದ. ಮೇಲೆ ಅವನ ಟ್ರಂಕಿನದೇ ನೀಲಿ ಬಣ್ಣ. ಅಷ್ಟೆಲ್ಲ ಆದರೂ ಬಾಗಿಲ ಹಿಂದಿನ ಗೂಡು ಖಾಲಿ.

"ಒಳಗೆ ಏನು ಇಡೋದು ಅಣ್ಣಾ?"

"ಅವಳನ್ನೇ ಕೇಳು."

"ಅದೊಂದನ್ನು ಬಿಟ್ಟು ಬೇರೆ ಹೇಳು."

ಹೀಗೆ ಅವನು ಕೇಳುವುದನ್ನು ಮುಂದೂಡುತ್ತಾ ಹೋದ, ಸ್ಪರ್ಧೆ ನಾಲ್ಕು ದಿನಕ್ಕೆ ಬಂತು.

ಆ ಬುಧವಾರ ಕವಚ ತೊಟ್ಟು ನೋಡಬೇಕಿತ್ತು. ನಾದಿನಿಯೂ ಸೊಸೆಯೂ ಹೆಚ್ಚುಕಡಿಮೆ ಒಂದೇ ಮೈಕಟ್ಟು. "ಕೊಡಿ ಇತ್ಲಾಗೆ" ಅಂತ ನಾದಿನಿಯೇ ತೊಟ್ಟಳು. ಷಡ್ಡಕ ಬೆನ್ನಿನ ಕಡೆ ಚಿಲಕ ಜಡಿದ. ಅಳತೆ ಹೇಳಿ ಮಾಡಿಸಿದ ಹಾಗಿತ್ತು. ಎರಡು ರಿವೆಟ್ಟು ಕಡಿಮೆ ಬಿದ್ದವು ಅಂತ ಅವನು ಪೇಟೆಗೆ ಓಡಿದ. ನಾನು ನನ್ನ ಅಂಗಡಿಗೆ ಬಂದೆ. ಇಬ್ಬರೂ ಹೋದ ಮೇಲೆ ನಾದಿನಿ ಕವಚ ಬಿಚ್ಚಲು ಹೋದಳು. ಆಗ ಗೊತ್ತಾಯಿತು ಟ್ರಂಕಿನವನು ಏನು ಮಾಡಿದ್ದಾನೆ ಅಂತ. ಜೀವಮಾನವಿಡೀ ಹೊರಗಿನಿಂದ ಹಾಕುವ ಚಿಲಕವನ್ನೇ ಮಾಡಿದ ಕೈ. ಒಳಗಿರುವ ವಸ್ತು ತಾನೇ ಹೊರಬರಬೇಕಾದೀತು ಅನ್ನುವ ಯೋಚನೆ ಅದಕ್ಕೆಲ್ಲಿಂದ ಬರಬೇಕು? ಚಿಲಕ ಎರಡು ರೆಕ್ಕೆಮೂಳೆಗಳ ಮಧ್ಯೆ, ಯಾರ ಕೈಗೂ ಸಿಗದ ಜಾಗದಲ್ಲಿತ್ತು.

ನಾದಿನಿ ಗಾಬರಿಯಾಗುವ ಪೈಕಿಯಲ್ಲ. ಗಂಡ ಬರುವವರೆಗೆ ಸುಮ್ಮನೆ ಯಾಕೆ ನಿಲ್ಲಬೇಕು ಅಂತ ಕವಚದ ಸಮೇತ ಅಡುಗೆಮನೆಗೆ ಹೋಗಿ ಚಹಾಕ್ಕಿಟ್ಟಳು. ನಡುಬಾಗಿಲಲ್ಲಿ ಭುಜ ಹಿಡಿಯಲಿಲ್ಲ, ಏಡಿಯ ಹಾಗೆ ಅಡ್ಡಡ್ಡ ನಡೆದಳಂತೆ.

ಕನ್ನಡಕದ ಅಂಗಡಿಯಲ್ಲಿ ಕರೆಂಟು ಹೋಯಿತು ಅಂತ ಆ ದಿನವೇ ಸೊಸೆ ಬೇಗ ಬರಬೇಕೇ! ಬಾಗಿಲು ತೆಗೆದು ನೋಡುತ್ತಾಳೆ: ಹನ್ನೆರಡನೇ ವಯಸ್ಸಿನಿಂದ ತಾನು ಬರೆದ ನಾಯಕಿ ಒಲೆಯ ಮುಂದೆ ನಿಂತು ಚಹಾ ಸೋಸುತ್ತಿದ್ದಾಳೆ.

"ಅತ್ತೇ?"

"ಬಂದ್ಯಾ? ಮೊದ್ಲು ಬೆನ್ನಿನ ಚಿಲಕ ತೆಗಿ ಮಾರಾಯ್ತಿ, ಆಮೇಲೆ ಆಶ್ಚರ್ಯ ಪಡುವಿಯಂತೆ. ನಿಮ್ಮಾವ ನನ್ನನ್ನ ಪ್ಯಾಕ್ ಮಾಡಿಟ್ಟು ಹೋಗಿದ್ದಾರೆ."

ಸೊಸೆ ಚಿಲಕ ತೆಗೆದಳು. ಕವಚವನ್ನು ಕೆಳಗಿಳಿಸಿ ಸುತ್ತ ತಿರುಗಿಸಿ ನೋಡಿದಳು. ಭುಜದ ಐದು ಪಟ್ಟಿ, ಮೊಣಕೈಯ ಮೂರು ಪಟ್ಟಿ ಎಣಿಸಿದಳು. ಷಡ್ಡಕ ಪೇಟೆಯಿಂದ ಬರುತ್ತಾ ನನ್ನನ್ನೂ ಕರೆದುಕೊಂಡು ಬಾಗಿಲಿಗೆ ಬರುವ ಹೊತ್ತಿಗೆ ಸೊಸೆ ನೆಲದ ಮೇಲೆ ಕೂತು ಪುಟ್ಟ ಬಾಗಿಲನ್ನು ತೆರೆಯುವುದು, ಮುಚ್ಚುವುದು ಮಾಡುತ್ತಿದ್ದಳು. ಸದ್ದೇ ಇಲ್ಲ. ಷಡ್ಡಕ ಕೈಯಲ್ಲಿ ರಿವೆಟ್ಟಿನ ಪೊಟ್ಟಣ ಹಿಡಿದು ಕಂಬವಾದ. ನಾನು ಬೆನ್ನಿಗೆ ತಿವಿದೆ.

"ಅಮ್ಮಾ..." ಅಂದ. "ತಪ್ಪಾಯ್ತು. ಹಾಳೆ ವಾಪಸ್ ತರಕ್ಕಾಗ್ಲಿಲ್ಲ. ಹತ್ತು ನೋಡಿ ಇಷ್ಟು ಮಾಡಿದೆ. ಹನ್ನೊಂದನೇದು ನಾನೇ ಮಗುಚಿ ಅಂಟಿಸಿಬಿಟ್ಟಿದೀನಿ, ಕಾಣಲ್ಲ. ಆ ಬಾಗಿಲೊಳಗೆ ಏನಿರುತ್ತೆ, ನೀನು ಹೇಳಿದ್ರೆ ಮಾಡ್ತೀನಿ."

ಎರಡು ವರ್ಷದಲ್ಲಿ ಸೊಸೆಯ ಜೊತೆ ಅವನು ಆಡಿದ ಅತಿ ಉದ್ದದ ಮಾತು ಅದು.

ಸೊಸೆಯ ಕಣ್ಣು ತುಂಬಿತ್ತು, ಆದರೆ ತುಟಿಯ ಕೊನೆ ಮೇಲಕ್ಕೆ ಹೋಗಿತ್ತು. "ಒಳಗೆ ನಾಲ್ಕು ಕೊಕ್ಕೆ ಹಾಕ್ಕೊಡಿ ಮಾವ. ಉಳಿದದ್ದು ನಾನು ನೋಡ್ಕೊಳ್ತೀನಿ."

"ಹಾಗಾದ್ರೆ ಭಾನುವಾರ ತೊಟ್ಕೊಳ್ತೀಯಾ?"

"ತೊಟ್ಕೊಳ್ತೀನಿ. ಬರೆಯೋದು ಮಾತ್ರ... ಗೊತ್ತಿಲ್ಲ ಮಾವ. ಕೈ ಏಳ್ತಾ ಇಲ್ಲ."

ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಸಭಾಂಗಣ. ಪ್ಲಾಸ್ಟಿಕ್ ಬಾಟಲಿಯ ರೆಕ್ಕೆಯವನು, ಸೈಕಲ್ ಚಕ್ರ ಬೆನ್ನಿಗೆ ಕಟ್ಟಿಕೊಂಡವಳು, ಮೈಯೆಲ್ಲ ಚಮಚ ಹೊಲಿದುಕೊಂಡು ಗಲಗಲ ಅನ್ನುವ ಒಬ್ಬ ಮೇಷ್ಟ್ರು. ಚಿತ್ರ ತೋರಿಸಲೇಬೇಕಲ್ಲ, ಅದಕ್ಕೇ ಷಡ್ಡಕ ಹಾಸ್ಟೆಲಿಗೆ ಮೊದಲೇ ಹೇಳಿಬಂದಿದ್ದ. ಹತ್ತು ಗಂಟೆಗೆ ಸರಿಯಾಗಿ ಗುಂಗುರು ಕೂದಲಿನವಳೂ ಇನ್ನು ಮೂವರೂ ಟ್ರಂಕನ್ನು ಹೊತ್ತು ತಂದು ಬೆಂಚಿನ ಮೇಲಿಟ್ಟು ಮುಚ್ಚಳ ತೆರೆದರು. ಹಿಂದೆ ಇಡೀ ಮಹಡಿ, ಅದರ ಹಿಂದೆ ಮೇಲ್ವಿಚಾರಕಿ.

ವೇದಿಕೆಯ ಹಿಂದೆ ಕಾಯುತ್ತಿದ್ದ ಸೊಸೆಗೆ ಇದು ಯಾವುದೂ ಗೊತ್ತಿರಲಿಲ್ಲ. ತನ್ನ ಸರದಿ ಬಂದಾಗ ತಲೆ ತಗ್ಗಿಸಿಕೊಂಡು ವೇದಿಕೆ ಹತ್ತಿದಳು. ನೀಲಿ ಕವಚಕ್ಕೆ ಬೆಳಕು ಬಿತ್ತು. ಅಷ್ಟೇ, ಹಿಂದಿನ ಸಾಲಿನಿಂದ ಇಪ್ಪತ್ತು ಗಂಟಲು ಒಟ್ಟಿಗೆ:

"ಮುಚ್ಚಳದಕ್ಕಾ!"

ಅವಳು ಬೆಚ್ಚಿ ತಲೆಯೆತ್ತಿದಳು. ಮುಂದೆ ಬೆಂಚಿನ ಮೇಲೆ ತೆರೆದ ಟ್ರಂಕು, ಅದರ ಮುಚ್ಚಳದಲ್ಲಿ ತನ್ನ ಹತ್ತು ಹಾಳೆ. ಯಾರೋ ಗೊತ್ತೇ ಇಲ್ಲದ ಹುಡುಗಿಯರು ತನ್ನ ನಾಯಕಿಯನ್ನು ಸ್ವಂತ ಅಕ್ಕನ ಹಾಗೆ ಕೂಗುತ್ತಿದ್ದಾರೆ. ಷಡ್ಡಕ ನನ್ನ ಮೊಣಕೈ ಎಷ್ಟು ಬಿಗಿಯಾಗಿ ಹಿಡಿದಿದ್ದ ಅಂದರೆ ಮರುದಿನವೂ ಗುರುತಿತ್ತು.

"ಬಾಗಿಲು ತೆಗಿ ಅಕ್ಕಾ! ಒಳಗೆ ಏನಿದೆ?"

"ಹಕ್ಕಿ ಅಲ್ವಾ?"

"ತಿಂಡಿ, ತಿಂಡಿ!"

ಸೊಸೆ ನಕ್ಕುಬಿಟ್ಟಳು. ಬೆರಳಿನಿಂದ ಪುಟ್ಟ ಬಾಗಿಲು ತೆರೆದಳು. ಒಳಗೆ ನಾಲ್ಕು ಕೊಕ್ಕೆ. ಒಂದರಲ್ಲಿ ನಾದಿನಿಯ ಓದುವ ಕನ್ನಡಕ. ಒಂದರಲ್ಲಿ ಷಡ್ಡಕನ ಹಿತ್ತಾಳೆಯ ಬೆರಳ ಟೊಪ್ಪಿ. ಇನ್ನೊಂದರಲ್ಲಿ ದಾರ ಕಟ್ಟಿ ನೇತುಹಾಕಿದ ಕೆಂಪು ಪೆನ್ಸಿಲು.

"ಅದು ನಂದು!" ಅಂತ ನಾನು ಎದ್ದು ಕೂಗಿದೆ. ಸಭೆಯೆಲ್ಲ ನನ್ನ ಕಡೆ ತಿರುಗಿತು. ನಾಚಿಕೆಯೇನಿಲ್ಲ, ಇಪ್ಪತ್ತು ವರ್ಷದ ಪೆನ್ಸಿಲು. ಬುಧವಾರದಿಂದ ಕಾರ್ಖಾನೆಯ ನೆಲವನ್ನೆಲ್ಲ ಕೆದಕಿ ಆ ಮೂರನ್ನೂ ಹುಡುಕಿದ್ದಳಂತೆ ಸೊಸೆ.

"ಇವಳು ಕಳೆದುಹೋದದ್ದನ್ನ ಹುಡುಕಿ ಕೊಡೋಳು" ಅಂದಳು ಸೊಸೆ, ಎಲ್ಲರಿಗೂ ಕೇಳುವ ಹಾಗೆ. "ಯಜಮಾನರು ಸಿಗೋವರೆಗೂ ಇದರೊಳಗೆ ಇಟ್ಕೊಂಡಿರ್ತಾಳೆ. ನಾಲ್ಕನೇ ಕೊಕ್ಕೆ ಖಾಲಿ ಇದೆ."

"ನಂದೊಂದು ಓಲೆ ಕಳೆದಿದೆ ಅಕ್ಕಾ!"

"ನನ್ನ ಬೀಗದ ಕೈ!"

"ನನ್ನ ಛತ್ರಿ!" ಅಂದರು ಮೇಲ್ವಿಚಾರಕಿ, ಅಂದ ಮೇಲೆ ಸೆರಗು ಸರಿಮಾಡಿಕೊಂಡರು.

ತೀರ್ಪುಗಾರರಲ್ಲಿ ಒಬ್ಬರು ಕೇಳಿದರು: "ಕವಚ ಬಿಚ್ಚೋದು ಹೇಗಮ್ಮ?" ಸೊಸೆ ಹಿಂದೆ ಮುಂದೆ ನೋಡಿದಳು. ಬುಧವಾರದಿಂದ ಕೊಕ್ಕೆಯ ಗಡಿಬಿಡಿಯಲ್ಲಿ ಚಿಲಕದ ವಿಷಯ ಎಲ್ಲರೂ ಮರೆತಿದ್ದೆವು. "ಅದಕ್ಕೆ ನಮ್ಮತ್ತೆ ಬರಬೇಕು" ಅಂದಳು. ನಾದಿನಿ ವೇದಿಕೆ ಹತ್ತಿ, ಸಭೆಗೆ ಕೈಮುಗಿದು ಚಿಲಕ ತೆಗೆದಾಗ ಬಿದ್ದ ಚಪ್ಪಾಳೆ ಬೇರೆ ಯಾರಿಗೂ ಬೀಳಲಿಲ್ಲ.

ಬಹುಮಾನ ಬಾಟಲಿಯ ರೆಕ್ಕೆಯವನಿಗೆ ಹೋಯಿತು. ಆ ತೀರ್ಪುಗಾರರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಬಾಟಲಿಗೆ ಅಂಟು ಹಾಕುವುದು ಯಾವ ದೊಡ್ಡ ವಿದ್ಯೆ? ಸೊಸೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಟ್ರಂಕಿನ ಸುತ್ತ ಹುಡುಗಿಯರ ನಡುವೆ ಕೂತು, ಬಸ್ಸಿನ ಅಡಿಯಲ್ಲಿ ಏನಿತ್ತು, ಚರಂಡಿಯಲ್ಲಿ ಯಾರ ಉಂಗುರ ಬಿದ್ದಿತ್ತು ಅಂತ ಒಂದೊಂದೇ ಹಾಳೆಯ ಕಥೆ ಹೇಳುತ್ತಿದ್ದಳು. "ಮುಂದೇನಾಯ್ತು?" ಅಂತ ಗುಂಗುರು ಕೂದಲಿನವಳು ಕೇಳಿದಾಗ, "ಇನ್ನೂ ಬರೆದಿಲ್ಲ" ಅಂದಳು. ಬರೆಯಲ್ಲ ಅನ್ನಲಿಲ್ಲ. ಷಡ್ಡಕ ಅದನ್ನು ಗಮನಿಸಿದ. ನನಗೆ ಎರಡು ಸಲ ಹೇಳಿದ.

ನಾಲ್ಕು ದಿನದ ಮೇಲೆ ನಾನು ಅವನ ಕಾರ್ಖಾನೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದೆ. ಪೆನ್ಸಿಲನ್ನು ಈಗ ದಾರದ ಸಮೇತ ಕಿವಿಗೆ ಕಟ್ಟಿಕೊಂಡಿರುತ್ತೇನೆ. ಹೊಸ ಟ್ರಂಕಿಗೆ ಕಾಗದ ಹಚ್ಚಬೇಕಿತ್ತು. ಷಡ್ಡಕ ಅಂಟಿನ ಕುಂಚ ಹಿಡಿದು, ದಿಮ್ಮಿ ಎತ್ತಿ, ಅಡಿಯಲ್ಲಿದ್ದ ಒಂದೇ ಒಂದು ಗಟ್ಟಿ ಹಾಳೆ ನೋಡಿ ಹಾಗೇ ನಿಂತ. ಕುಂಚದಿಂದ ಅಂಟು ಅವನ ಕಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಇದು ಯಾರದ್ದು?" ಅಂತ ಮನೆ ಹಾರಿಹೋಗುವ ಹಾಗೆ ಕೂಗಿದ.

ಒಳಗಿನಿಂದ ಸೊಸೆಯ ದನಿ: "ನಿಮ್ಮದೇ ಮಾವ. ಮಗುಚಿ ನೋಡಿ."

ಮಗುಚಿದ. ಮುಚ್ಚಳದಕ್ಕ ಬೆನ್ನು ತೋರಿಸಿಕೊಂಡು ನಿಂತಿದ್ದಳು, ಬಣ್ಣ ಇನ್ನೂ ಹೊಳೆಯುತ್ತಿತ್ತು. ಬೆನ್ನಿನ ಮೇಲೆ ಚಿಲಕ ಇರಲಿಲ್ಲ. ಅದು ಪಕ್ಕೆಗೆ ಬಂದಿತ್ತು, ಅವಳ ಎಡಗೈಗೆ ಎಟುಕುವ ಹಾಗೆ. ಪಕ್ಕದಲ್ಲಿ ಬಾಣದ ಗುರುತು ಹಾಕಿ ಅಳತೆ ಬರೆದಿತ್ತು, ಷಡ್ಡಕನ ಲೆಕ್ಕದಲ್ಲೇ: ಕಂಕುಳಿಂದ ಕೆಳಗೆ ಒಂದು ಗೇಣು, ಎರಡು ಬೆರಳು.

ಅವನು ಕುಂಚವನ್ನು ಡಬ್ಬಿಗೆ ಹಾಕಿ, ಕತ್ತರಿ ತೆಗೆದುಕೊಂಡ.